ಗಂಟೆಗೆ ಮುಂಚಿನ ಒಗ್ಗರಣೆ

ಆ ಊರಿನಲ್ಲಿ ಹಸಿವು ತಾನಾಗಿ ಆಗುತ್ತಿರಲಿಲ್ಲ. ನಗರಸಭೆ ಗಂಟೆ ಬಾರಿಸಿದಾಗಲೇ ಆಗುವಂತೆ ಎಲ್ಲರನ್ನೂ ತೊಟ್ಟಿಲಿನಿಂದಲೇ ಪಳಗಿಸಲಾಗಿತ್ತು. ಇಂದು ಆ ಗಂಟೆಯೇ ಬಿರುಕುಬಿಟ್ಟಿತ್ತು.

“ಗಂಟಿ ಇಲ್ಲಂದ್ರ ಹಸಿವಿ ಎಲ್ಲೀದು? ಖಾನಾವಳಿ ಬಂದ್ ಮಾಡು, ನೀಲವ್ವಾ,” ಎಂದ ಗಂಟೆ ಇಲಾಖೆಯ ಸಾಹೇಬ ಅಡಿವೆಪ್ಪ, ಕೈಯಲ್ಲಿ ಬೀಗ ಹಿಡಿದು.

ಬೀಗ ಬಿದ್ದರೆ ಪಾತ್ರೆಗಟ್ಟಲೆ ಅಡುಗೆ ಹಳಸುತ್ತಿತ್ತು. ನೀಲವ್ವ ಅವಸರಪಡಲಿಲ್ಲ. “ತಡೀರಿ ಸಾಹೇಬ್ರ, ಸಾರಿಗೊಂದ್ ಒಗ್ಗರಣಿ ಹಾಕತೀನಿ,” ಎಂದು ಕಾದ ಎಣ್ಣೆಗೆ ಸಾಸಿವೆ ಸುರಿದಳು. ಗಂಟೆಗೆ ತುಸು ಮುಂಚೆ ಒಗ್ಗರಣೆ ಹಾಕುವುದು ಅವಳ ಎಷ್ಟೋ ವರ್ಷಗಳ ರೂಢಿ.

ಚಟಪಟ ಸದ್ದು ಬೀದಿ ದಾಟಿತು. ಎದುರಂಗಡಿಯ ದರ್ಜಿ ಹೊಲಿಗೆ ನಿಲ್ಲಿಸಿ ಎದ್ದ. ಬ್ಯಾಂಕಿನವರು ಸಾಲುಗಟ್ಟಿ ಹೊರಬಂದರು. ಗದರಲು ಬಾಯಿ ತೆರೆದ ಸಾಹೇಬ ಜೊಲ್ಲು ನುಂಗಿಕೊಂಡ.

“ಬೀಗ ಅತ್ತಾಗ ಇಡ್ರಿ,” ಎಂದಳು ನೀಲವ್ವ. “ಊಟಕ್ಕ ಕುಂದರ್ರಿ, ತಾಟ ಹಚ್ಚತೀನಿ.”