ಬಿಟ್ಟ ಸ್ಥಳ

“ಬಾತುಮರಿ, ಬಾತುಮರಿ, ಉಳಿದೆಯಾ ಹಿಂದೆ? ಅಳಬೇಡ, ಅಳಬೇಡ, ಇಗೋ ನಾನು…” ಎಂದು ಹಾಡಿ ಶಿಶುವಿಹಾರದ ಮಿಸ್ಸು ಥಟ್ಟನೆ ನಿಲ್ಲಿಸಿದರು. ಕೊನೆಯ ಪದ ಮಗುವಿನದು. ಮಾತು ಕಲಿಸಲು ಅವರು ಹಿಡಿದ ದಾರಿ ಅದು. ‘ಬಂದೆ’ ಅಂದಿದ್ದರೆ ಸಾಕಿತ್ತು. ನಾಲ್ಕು ವರ್ಷದ ಪುಟ್ಟಿ ಬೂಟಿನ ಲೇಸು ನೋಡುತ್ತ ಕೂತಳು.

ಮಿಸ್ಸು ಬಾತುಕೋಳಿಯ ದನಿಯಲ್ಲಿ ಹಾಡಿದರು. ನೆಗಡಿಯಾದ ಕಪ್ಪೆಯ ದನಿಯಲ್ಲಿ ಹಾಡಿದರು. ಮುಚ್ಚಿದ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಹೆಡ್‌ಮಿಸ್ ದನಿಯಲ್ಲೂ ಹಾಡಿದರು. ಊಹೂಂ.

“ಮನೇಲಿ ಹಾಡಿಸಿದ್ರಾ?”

“ದಿನಾ ಮಿಸ್,” ಎಂದ ಅಪ್ಪ. ಬಸ್ ಡ್ರೈವರು, ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತಿದ್ದ. “ನನ್ನ ರಾಗ ಗೇರ್ ಬಿದ್ದಂಗಿರತ್ತೆ, ಒಪ್ತೀನಿ. ಆದ್ರೂ ನೀವು ಹೇಳ್ದಂಗೆ ಕೊನೇ ಪದ ಬಿಟ್ಟು ಕಾಯ್ತೀನಿ. ಇವಳಮ್ಮ ತೀರ್ಕೊಂಡ ಮೇಲೆ ಮನೇಲೂ ಮಾತಿಲ್ಲ. ಇಬ್ರೂ ಸುಮ್ನೆ ಕೂತಿರ್ತೀವಿ. ಆಮೇಲೆ ನಾನೇ ಎದ್ದು ಲೈಟ್ ಆರಿಸ್ತೀನಿ.”

ಮೇಜಿನ ಮೇಲೆ ವರದಿ ಇತ್ತು. ‘ಮಾತು’ ಎಂಬುದರ ಮುಂದೆ ಇವತ್ತು ‘ಇಲ್ಲ’ ಎಂದು ಬಿದ್ದರೆ ಪುಟ್ಟಿಗೆ ಮುಂದಿನ ವರ್ಷ ಈ ಶಾಲೆ ಇಲ್ಲ.

“ಇದೊಂದ್ಸಲ,” ಎಂದು ಮಿಸ್ಸು ಶುರು ಮಾಡಿದರು. “ಬಾತುಮರಿ, ಬಾ…” ಕೆಮ್ಮು ಒತ್ತರಿಸಿ ಬಂತು. ಬೆಳಗಿನಿಂದ ಕಪ್ಪೆಯಾದದ್ದಕ್ಕೆ ಶಿಕ್ಷೆ. ನೀರಿನ ಬಾಟಲಿಗೆ ಕೈ ಚಾಚಿದರು.

“ಬಾತುಮರಿ, ಉಳಿದೆಯಾ ಹಿಂದೆ?”

ಹಾಡಿದವಳು ಪುಟ್ಟಿ. ಒಂದಕ್ಷರ ತೊದಲಲಿಲ್ಲ. “ಅಳಬೇಡ, ಅಳಬೇಡ, ಇಗೋ ನಾನು…” ಅಲ್ಲಿಗೆ ನಿಲ್ಲಿಸಿ ಬಾಗಿಲ ಕಡೆ ತಿರುಗಿದಳು.

ಅಪ್ಪ ಧಡಕ್ಕನೆ ಎದ್ದ. ಪುಟ್ಟ ಕುರ್ಚಿಯೂ ಅವನ ಜೊತೆಗೇ ಎದ್ದಿತು. ಯಾರೂ ನಗಲಿಲ್ಲ.

“ಇವಳಮ್ಮ ನರ್ಸು, ಮಿಸ್. ಆಸ್ಪತ್ರೆಯಿಂದ ಬಂದು ಬಾಗಿಲ ಹೊರಗೆ ನಿಲ್ಲೋಳಂತೆ. ಇವಳು ಒಳಗಿಂದ ಇದೇ ಹಾಡು ಹಾಡೋಳು. ಬಾಗಿಲು ತೆಗೆದು ಕೊನೇದನ್ನ ಅವಳು ಹೇಳೋಳು. ನಾನು ಬಸ್ಸಲ್ಲಿರ್ತಿದ್ದೆ… ಅವಳು ನಂಗಿದನ್ನ ಹೇಳಿದ್ದು ಈಗ ನೆನಪಾಗ್ತಿದೆ ನೋಡಿ.” ಅವನು ಕುರ್ಚಿಯನ್ನು ಬಿಡಿಸಿಕೊಂಡು, ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

ಮಿಸ್ಸು ವರದಿಯಲ್ಲಿ ‘ಇದೆ’ ಎಂದು ಬರೆದರು. ಆಮೇಲೆ ಪುಟ್ಟಿಯ ಪಕ್ಕ ಮಂಡಿಯೂರಿ, ಯಾರ ದನಿಯನ್ನಾದರೂ ತೆಗೆಯಬಲ್ಲ ಆ ಗಂಟಲಿನಿಂದ ಉಳಿದ ಒಂದು ಪದವನ್ನೂ ಹೇಳಿಬಿಡೋಣವೆಂದು ಬಾಯಿ ತೆರೆದರು.

ಪುಟ್ಟಿ ಅವರ ತುಟಿಯ ಮೇಲೆ ಬೆರಳಿಟ್ಟಳು.

“ಇರಿ ಮಿಸ್. ಬಾಗಿಲು ಇನ್ನೂ ತೆಗ್ದಿಲ್ಲ.”