ಹಳ್ಳದ ಮೊದಲ ಬೊಗಸೆ

ಇವತ್ತು ಮೊಮ್ಮಗಳು ಅಂಗಳದಲ್ಲಿ ಒದ್ದೆ ಕಂಬಳಿ ಹರವಿದಾಗ ಬಂದ ಉಣ್ಣೆಯ ವಾಸನೆಗೆ, ಏನು ಹೇಳಲಿ, ಚಿಕ್ಕಂದಿನ ನನ್ನ ಕುರಿಮರಿಯೇ ಮನೆಗೆ ಬಂದಷ್ಟು ಹಿಗ್ಗಿಹೋದೆ.

ಅವ್ವ ತೀರಿಕೊಂಡ ವರ್ಷ ಮಾಮಾ ನನ್ನನ್ನು ತನ್ನೂರು ದಡ್ಡಿಗೆ ಕರೆತಂದಿದ್ದ. ಅಲ್ಲಿ ನನ್ನ ಜೊತೆ ಆಡುವವರು ಯಾರೂ ಇರಲಿಲ್ಲ. ಅದಕ್ಕೇ ಅವನು ಹುಕ್ಕೇರಿ ಸಂತೆಯಲ್ಲಿ ನನಗೊಂದು ಕರಿ ಮರಿ ಕೊಂಡ.

"ದಾರ್ಯಾಗ ನೀರ ಕುಡಿಸಬ್ಯಾಡ," ಅಂದ. "ನೀರಡಿಸಿದ ಮರಿ ಮೊದಲ ಎಲ್ಲಿ ಕುಡಿತೈತೋ, ಅದನ್ನ ಮನಿ ಅಂತ ನೆನಪಿಟ್ಕೊಂತೈತಿ."

ಮರಿಯ ನಾಲಿಗೆ ಹೊರಬಿದ್ದಿತ್ತು. ಊರ ಹೊರಗಿನ ಹಳ್ಳದಲ್ಲಿ, ಮಾಮಾ ಬೀಡಿ ಹಚ್ಚುವಷ್ಟರಲ್ಲಿ, ನಾನು ಬೊಗಸೆ ತುಂಬಿ ಕುಡಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಮರಿ ಕಾಣಲಿಲ್ಲ. ಅಳುತ್ತ ಓಡಿದೆ. ಅದು ಹಳ್ಳದ ಅದೇ ಕಲ್ಲಿನ ಹತ್ತಿರ ನಿಂತು ಒದರುತ್ತಿತ್ತು.

"ಕುಡಿಸಿದ್ಯಲ್ಲ, ಕಳ್ಳಿ! ತ್ವಾಳಕ್ಕ ಊಟಾ ಹಾಕತಿದ್ದಿ ನೋಡು," ಎಂದು ಹಿಂದೆ ಬಂದ ಮಾಮಾ ನಕ್ಕ. ಅದನ್ನು ಹೊತ್ತು ತಂದು, ಒಂದು ದಿನ ನೀರಿಲ್ಲದೆ ಕಟ್ಟಿ, ಆಮೇಲೆ ತಂಬಿಗೆಯನ್ನು ನನ್ನ ಕೈಗೆ ಕೊಟ್ಟ.

ಮರಿ ಸೊರಸೊರ ಹೀರುವಾಗ ಕೇಳಿದೆ: "ಮಾಮಾ, ನನ್ನ ಕರ್ಕೊಂಡ ಬಂದ ದಿನಾನೂ ದಾರ್ಯಾಗ ನೀರ ಕೊಡಲಿಲ್ಲಲ್ಲ?"

"ಮನಿ ಮುಟ್ಟಿದ ಮ್ಯಾಲ ತಂಬಿಗಿ ತುಂಬ ಕೊಟ್ಟೆನಲ್ಲವ್ವಾ," ಎಂದು ಮಾಮಾ ರುಮಾಲಿನಿಂದ ಮುಖ ಒರೆಸಿಕೊಂಡ.