ಜಜ್ಜಿದ ಮಲ್ಲಿಗೆ

ಹೊಸನಗರದ ಬಸ್ಸಿನಲ್ಲಿ ಮುಂದಿನ ಸೀಟಿನವರು ಮಲ್ಲಿಗೆ ಮುಡಿದಿದ್ದರೆ ನಾನು ಈಗಲೂ ಎದ್ದು ಹಿಂದೆ ಹೋಗುತ್ತೇನೆ.

ಅಮ್ಮ ತನ್ನ ಕಾಯಿಲೆಯ ಮಾತ್ರೆ ಶುರುಮಾಡುವ ಮೊದಲು ತಮ್ಮನಿಗೆ ಎದೆಹಾಲು ಬಿಡಿಸಬೇಕಿತ್ತು. ಸಾಗರದ ಡಾಕ್ಟರಮ್ಮ ಹೇಳಿದಂತೆ ಒಂದೊಂದೇ ಹೊತ್ತಿನ ಹಾಲು ತಪ್ಪಿಸುತ್ತಿದ್ದಳು. ಎದೆ ಬಿಗಿದು ಕಲ್ಲಾದಾಗಲೆಲ್ಲ, ಹಾಲು ಇಂಗಲೆಂದು ಅಜ್ಜಿ ಮಲ್ಲಿಗೆ ಜಜ್ಜಿ ಎದೆಗೆ ಕಟ್ಟುತ್ತಿದ್ದಳು.

ಆ ಮಧ್ಯಾಹ್ನ ಅಮ್ಮ ಕೋಣೆಯ ಚಿಲಕ ಹಾಕಿಕೊಂಡಿದ್ದಳು. ತಮ್ಮ ಗಂಜಿ ಉಗಿದು, ಬಾಗಿಲಿಗೆ ಹಣೆ ಚಚ್ಚಿಕೊಂಡು ಅತ್ತ. ಒಳಗೆ ಅಮ್ಮನೂ ಅಳುತ್ತಿದ್ದಳು.

"ತೆಗೀಬೇಡ ಮಾರಾಯ್ತಿ, ಇವತ್ತು ತೆಗೆದ್ರೆ ನಾಳೆನೂ ಇದೇ ಗೋಳು," ಎಂದಳು ಅಜ್ಜಿ.

 ಉಳಿದ ಹೂವನ್ನು ಜಡೆಗೆ ಸಿಕ್ಕಿಸಿಕೊಂಡು ಅವನನ್ನು ಎತ್ತಿಕೊಂಡೆ. ಅಳು ನಿಂತಿತು. ಅವನು ಜಡೆಯ ಹೂವಿಗೆ ಮೂಗು ಒತ್ತಿ, ಕಣ್ಣು ಮುಚ್ಚಿ ನನ್ನ ಫ್ರಾಕಿನ ಕಾಲರು ಚೀಪತೊಡಗಿದ.

"ಸುಮ್ನಾದ್ನಾ?" ಬಾಗಿಲಾಚೆಯಿಂದ ಅಮ್ಮ ಕೇಳಿದಳು. "ಎಂತ ಕೊಟ್ಟೆ ಪುಟ್ಟಿ ಅವ್ನಿಗೆ?"